ಸಿಆರ್‌ಎಫ್ ಎನ್‌ಕೋಡ್: ಫೈಲ್ ಎಷ್ಟು ದೊಡ್ಡದಾಗುತ್ತದೆ ಅಂತ ಮೊದಲೇ ಅಂದಾಜು ಮಾಡುವುದು ಹೇಗೆ

ವಿಡಿಯೋವನ್ನು ಹಿಂಡಿ ಚಿಕ್ಕ ಫೈಲ್ ಮಾಡುವುದಕ್ಕೆ ಎನ್‌ಕೋಡ್ ಅನ್ನುತ್ತಾರೆ. ಅದರಲ್ಲಿ ಕ್ವಾಲಿಟಿ ಇಷ್ಟಿರಲಿ ಅಂತ ಹೇಳುವ ಸಂಖ್ಯೆಯೇ ಸಿಆರ್‌ಎಫ್, ಅದು ಏರಿದಷ್ಟೂ ಕ್ವಾಲಿಟಿಯೂ ಸೈಜೂ ಇಳಿಯುತ್ತವೆ. ಸಿಆರ್‌ಎಫ್ 22 ಇಟ್ಟರೆ ಎರಡು ಗಂಟೆಯ ವಿಡಿಯೋ ಎಷ್ಟು ಜಿಬಿ ಆಗುತ್ತದೆ? ಈ ಪ್ರಶ್ನೆಗೆ ನೇರ ಉತ್ತರ ಇಲ್ಲ. ಯಾರಾದರೂ ಥಟ್ಟನೆ ಒಂದು ಸಂಖ್ಯೆ ಹೇಳಿದರೆ ಅವರು ತಮ್ಮ ವಿಡಿಯೋ ಬಗ್ಗೆ ಹೇಳುತ್ತಿದ್ದಾರೆ, ನಿಮ್ಮದರ ಬಗ್ಗೆ ಅಲ್ಲ. ಅದೇ ಸಿಆರ್‌ಎಫ್‌ನಲ್ಲಿ ಒಂದು ಕಾರ್ಟೂನ್ 700 ಎಂಬಿಗೆ ಮುಗಿದು ಹೋಗಬಹುದು, ಗ್ರೇನ್ (ಫಿಲ್ಮಿನ ಸಣ್ಣ ಕಾಳಿನಂಥ ಚುಕ್ಕೆಗಳು) ತುಂಬಿದ ಹಳೆಯ ಸಿನಿಮಾ ಅದರ ಹತ್ತು ಪಟ್ಟು ತಿನ್ನಬಹುದು. ಎರಡೂ 1080ಪಿ, ಎರಡೂ ಎರಡು ಗಂಟೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಸೆಕೆಂಡಿಗೆ ಎಷ್ಟು ಬಿಟ್ ಅನ್ನುವುದನ್ನು, ಅಂದರೆ ಬಿಟ್‌ರೇಟನ್ನು, ಮೊದಲೇ ಗೊತ್ತುಮಾಡುವ ಬಿಟ್‌ರೇಟ್ ಮೋಡ್ ಕೆಲಸ ಮಾಡುವುದು ಹಾಗೆ. ಇಷ್ಟು ಬಿಟ್ ಕೊಟ್ಟಿದ್ದೇನೆ, ಅದರಲ್ಲೇ ಸಂಭಾಳಿಸು ಅಂತ. ಸಿಆರ್‌ಎಫ್ ಅದರ ಉಲ್ಟಾ. ಕಾಲು ಎಷ್ಟು ಉದ್ದ ಇದೆಯೋ ಅಷ್ಟು ಉದ್ದದ ಹಾಸಿಗೆ ಹೊಲಿಸುವುದು. ಹಾಗಾಗಿ ಸೈಜ್ ತಿಳಿಯಬೇಕು ಅಂದರೆ ಕಾಲನ್ನು ಅಳೆಯಲೇಬೇಕು, ಬೇರೆ ದಾರಿ ಇಲ್ಲ. ಸಮಾಧಾನದ ವಿಷಯ ಏನೆಂದರೆ, ಪೂರ್ತಿ ಅಳೆಯಬೇಕಾಗಿಲ್ಲ. ಅಲ್ಲಲ್ಲಿ ಅಳೆದು ಗುಣಿಸಿದರೆ ಸಾಕು, ಆದರೆ ಎಲ್ಲಿ ಅಳೆಯುತ್ತೀರಿ ಅನ್ನುವುದರಲ್ಲೇ ಎಲ್ಲಾ ಇರುವುದು.

ಮೊದಲು ಒಂದು ಸುಲಭದ ಲೆಕ್ಕ. ಬಿಟ್‌ರೇಟ್ ಗುಣಿಸು ಸೆಕೆಂಡು, ಭಾಗಿಸು 8 (8 ಬಿಟ್‌ಗೆ ಒಂದು ಬೈಟ್). ಸೆಕೆಂಡಿಗೆ 2800 ಕಿಲೋಬಿಟ್ ಇರುವ 7200 ಸೆಕೆಂಡಿನ ವಿಡಿಯೋ ಅಂದರೆ 2520 ಎಂಬಿ. ಇದು ಪಕ್ಕಾ ಲೆಕ್ಕ, ಇದರಲ್ಲಿ ಅಂದಾಜು ಏನೂ ಇಲ್ಲ. ನಮಗೆ ಗೊತ್ತಿಲ್ಲದ್ದು ಆ 2800 ಒಂದೇ.

ಆಡಿಯೋ ಇದಕ್ಕೆ ಬೇರೆಯೇ ಸೇರುತ್ತದೆ, ಬಹಳ ಜನ ಮರೆಯುವುದು ಇಲ್ಲೇ. ಎಎಸಿ, ಎಸಿ3, ಡಿಟಿಎಸ್ ಅನ್ನುವುದು ಆಡಿಯೋದ ಬಗೆಗಳು. 128 ಕಿಲೋಬಿಟ್‌ನ ಎಎಸಿ ಎರಡು ಗಂಟೆಗೆ 115 ಎಂಬಿ, ಯಾರಿಗೂ ಲೆಕ್ಕಕ್ಕಿಲ್ಲ. ಆದರೆ 640 ಕಿಲೋಬಿಟ್‌ನ ಎಸಿ3 ಟ್ರ್ಯಾಕನ್ನು ಹಾಗೇ ಕಾಪಿ ಮಾಡಿದರೆ 576 ಎಂಬಿ. 1509 ಕಿಲೋಬಿಟ್‌ನ ಡಿಟಿಎಸ್ ಇದ್ದರೆ ಅದೊಂದೇ 1.36 ಜಿಬಿ. ವಿಡಿಯೋವನ್ನು ಹಿಂಡಿ ಹಿಂಡಿ 2 ಜಿಬಿಗೆ ಇಳಿಸಿ, ಆಮೇಲೆ ಅಂತಹ ಎರಡು ಆಡಿಯೋ ಟ್ರ್ಯಾಕ್ ಸೇರಿಸಿ ಫೈಲ್ ಯಾಕೆ ಇಷ್ಟು ದಪ್ಪ ಅಂತ ತಲೆ ಕೆಡಿಸಿಕೊಂಡವರಲ್ಲಿ ನಾನೂ ಒಬ್ಬ. ಆಡಿಯೋ ಲೆಕ್ಕ ಮೊದಲೇ ಗೊತ್ತಾಗುವಂಥದ್ದು. ಅದನ್ನು ಪಕ್ಕಕ್ಕೆ ಬರೆದಿಟ್ಟುಕೊಂಡು, ಇಲ್ಲಿಂದ ಮುಂದೆ ಬರೀ ವಿಡಿಯೋ ಬಗ್ಗೆ ಯೋಚಿಸೋಣ.

ಒಂದೇ ತುಣುಕು ಯಾಕೆ ಸಾಲದು

ಎಲ್ಲರೂ ಮೊದಲು ಮಾಡುವುದು ಏನು? ಶುರುವಿನ ಐದು ನಿಮಿಷ ಎನ್‌ಕೋಡ್ ಮಾಡಿ, 24ರಿಂದ ಗುಣಿಸುವುದು. ಇಲ್ಲವೇ ಪೂರ್ತಿ ಎನ್‌ಕೋಡ್ ಶುರು ಮಾಡಿ, ಶೇಕಡ 10 ಮುಗಿದಾಗ ಫೈಲ್ ಸೈಜ್ ನೋಡಿ ಹತ್ತರಿಂದ ಗುಣಿಸುವುದು. ಎರಡೂ ಒಂದೇ ತಪ್ಪು. ಸಿನಿಮಾದ ಶುರುವಿನಲ್ಲಿ ಲೋಗೋ, ಕಪ್ಪು ಪರದೆ, ಹೆಸರುಗಳು. ಕೊನೆಯಲ್ಲಿ ಹೊಡೆದಾಟ, ಮಳೆ, ಬೆಂಕಿ, ಅದಾದ ಮೇಲೆ ಕಪ್ಪು ಹಿನ್ನೆಲೆಯಲ್ಲಿ ಸಾಗುವ ಬಿಳಿ ಅಕ್ಷರಗಳು. ಸಿಆರ್‌ಎಫ್‌ನಲ್ಲಿ ಇವುಗಳ ಬಿಟ್‌ರೇಟ್ ಎಷ್ಟು ಬೇರೆ ಬೇರೆ ಅಂದರೆ, ಹೆಸರು ಸಾಗುವ ಭಾಗ ಕೆಲವು ನೂರು ಕಿಲೋಬಿಟ್‌ನಲ್ಲಿ ಮುಗಿಯುವಾಗ ಮಳೆಯ ದೃಶ್ಯ ಅದರ ಇಪ್ಪತ್ತು ಪಟ್ಟು ಕೇಳಬಹುದು. ಒಂದೇ ಜಾಗದಿಂದ ಅಳೆದರೆ ಸಿಗುವುದು ಆ ಜಾಗದ ಸುದ್ದಿ ಮಾತ್ರ.

ಇದಕ್ಕೆ ಪರಿಹಾರ, ತುಣುಕುಗಳನ್ನು ಉದ್ದಕ್ಕೂ ಸಮವಾಗಿ ಹರಡುವುದು. ಎರಡು ಗಂಟೆಯನ್ನು ಹತ್ತು ಹತ್ತು ನಿಮಿಷದ 12 ಭಾಗ ಮಾಡಿ. ಪ್ರತಿ ಭಾಗದ ನಡುವಿನಿಂದ, ಅಂದರೆ 5ನೇ ನಿಮಿಷ, 15ನೇ ನಿಮಿಷ, 25ನೇ ನಿಮಿಷ ಹೀಗೆ, 20 ಸೆಕೆಂಡಿನ ಒಂದೊಂದು ತುಣುಕು ಎನ್‌ಕೋಡ್ ಮಾಡಿ. ಒಟ್ಟು 240 ಸೆಕೆಂಡು, ಪೂರ್ತಿ ವಿಡಿಯೋದ ಮೂವತ್ತರಲ್ಲಿ ಒಂದು ಪಾಲು. 12 ತುಣುಕುಗಳ ಸೈಜ್ ಕೂಡಿ 30ರಿಂದ ಗುಣಿಸಿ. 84 ಎಂಬಿ ಬಂತು ಅಂತ ಇಟ್ಟುಕೊಳ್ಳಿ, ಪೂರ್ತಿ ವಿಡಿಯೋ 2520 ಎಂಬಿ ಆಸುಪಾಸು. ನಿಮಗೆ ಇಷ್ಟವಾದ ದೃಶ್ಯಗಳನ್ನು ಆರಿಸಬೇಡಿ. ಕೈಯಿಂದ ಆರಿಸಿದರೆ ಮನಸ್ಸು ತಾನಾಗಿ ಗಲಾಟೆ ಜಾಸ್ತಿ ಇರುವ ಕಡೆಗೇ ಹೋಗುತ್ತದೆ, ಅಂದಾಜು ದಪ್ಪಗಾಗುತ್ತದೆ. ಕ್ವಾಲಿಟಿ ನೋಡಲು ಕಷ್ಟದ ದೃಶ್ಯಗಳನ್ನು ಆರಿಸುವುದು ಸರಿ, ಸೈಜ್ ನೋಡಲು ಅಲ್ಲ.

ಕಮಾಂಡ್ ಬರೆದು ಓಡಿಸುವ ಎಫ್‌ಎಫ್‌ಎಂಪೆಗ್ ಅನ್ನುವ ಟೂಲ್‌ನಲ್ಲಿ ಇದನ್ನು ಮಾಡುವುದಾದರೆ ಎಸ್‌ಎಸ್ ಆಯ್ಕೆಯಲ್ಲಿ ಶುರುವಾಗುವ ಸಮಯ, ಟಿ ಆಯ್ಕೆಯಲ್ಲಿ ಉದ್ದ ಕೊಡಬೇಕು. ಎಸ್‌ಎಸ್ ಅನ್ನು ಇನ್‌ಪುಟ್ ಫೈಲ್ ಹೆಸರಿಗಿಂತ ಮುಂಚೆ ಬರೆಯಿರಿ. ಆಮೇಲೆ ಬರೆದರೆ ಅದು ಶುರುವಿನಿಂದ ಆ ಜಾಗದವರೆಗೂ ಎಲ್ಲಾ ಡೀಕೋಡ್ ಮಾಡಿ ಬಿಸಾಕುತ್ತಾ ಬರುತ್ತದೆ, ಸುಮ್ನೆ ಟೈಮ್ ವೇಸ್ಟ್. ಎಎನ್ ಆಯ್ಕೆ ಹಾಕಿದರೆ ಆಡಿಯೋ ಬರುವುದಿಲ್ಲ, ಎಸ್‌ಎನ್ ಹಾಕಿದರೆ ಸಬ್‌ಟೈಟಲ್ ಬರುವುದಿಲ್ಲ. 12 ಸಲ ಕೈಯಲ್ಲಿ ಟೈಪ್ ಮಾಡುವುದು ಬೇಡ, ಒಂದು ಚಿಕ್ಕ ಲೂಪ್ ಬರೆಯಿರಿ. ಕಮಾಂಡ್ ಬೇಡದ ಹ್ಯಾಂಡ್‌ಬ್ರೇಕ್ ಅನ್ನುವ ಟೂಲ್ ಬಳಸುವವರು ರೇಂಜ್ ಅನ್ನು ಸೆಕೆಂಡಿಗೆ ಬದಲಿಸಿ, ಶುರು ಮತ್ತು ಕೊನೆ ಕೊಟ್ಟು, ಆಡಿಯೋ ಟ್ರ್ಯಾಕ್ ತೆಗೆದು, ಒಂದೊಂದಾಗಿ ಕ್ಯೂಗೆ ಸೇರಿಸಬಹುದು. ಬೇಜಾರಿನ ಕೆಲಸ, ಆದರೆ ಆಗುತ್ತದೆ. ಎವಿ1 ಅನ್ನುವ ವಿಡಿಯೋ ಫಾರ್ಮ್ಯಾಟ್‌ಗೆ ಎನ್‌ಕೋಡ್ ಮಾಡುವವರಿಗೆ ಎಬಿ-ಎವಿ1 ಅನ್ನುವ ಉಚಿತ ಟೂಲ್ ಇದೆ. ಅದು ತಾನೇ ಸ್ಯಾಂಪಲ್ ತೆಗೆದು, ಎನ್‌ಕೋಡ್ ಮಾಡಿ, ಪೂರ್ತಿ ಫೈಲಿನ ಸೈಜ್ ಮತ್ತು ಹಿಡಿಯುವ ಸಮಯ ಎರಡನ್ನೂ ಅಂದಾಜು ಮಾಡಿ ಹೇಳುತ್ತದೆ.

ತುಣುಕಿನ ಉದ್ದದಲ್ಲಿ ಒಂದು ತಂತ್ರ ಅಡಗಿದೆ. ಪ್ರತಿ ತುಣುಕು ಒಂದು ಕೀಫ್ರೇಮ್‌ನಿಂದ ಶುರುವಾಗಲೇಬೇಕು, ಮತ್ತು ಕೀಫ್ರೇಮ್ ಅಂದರೆ ಪೂರ್ತಿ ಚಿತ್ರ, ದುಬಾರಿ. ಬಹಳ ಜನ ಬಳಸುವ ಎಕ್ಸ್264, ಎಕ್ಸ್265 ಎನ್‌ಕೋಡರ್‌ಗಳೆರಡರಲ್ಲೂ ಏನೂ ಬದಲಿಸದಿದ್ದರೆ ಎರಡು ಕೀಫ್ರೇಮ್‌ಗಳ ನಡುವೆ ಹೆಚ್ಚೆಂದರೆ 250 ಫ್ರೇಮ್ ಇರಬಹುದು. ಸೆಕೆಂಡಿಗೆ 24 ಫ್ರೇಮ್ ಅಂದರೆ ಹತ್ತು ಸೆಕೆಂಡು ಚಿಲ್ಲರೆ. ನೀವು 3 ಸೆಕೆಂಡಿನ ತುಣುಕು ಮಾಡಿದರೆ ಪೂರ್ತಿ ಎನ್‌ಕೋಡ್‌ನಲ್ಲಿ ಇಲ್ಲದ ಕೀಫ್ರೇಮ್‌ಗಳನ್ನು ಲೆಕ್ಕಕ್ಕೆ ತುರುಕಿದ ಹಾಗೆ. ಸಿನಿಮಾದಲ್ಲಿ ಹೇಗೂ ಕೆಲವು ಸೆಕೆಂಡಿಗೊಂದು ಶಾಟ್ ಬದಲಾಗಿ ಹೊಸ ಕೀಫ್ರೇಮ್ ಬೀಳುವುದರಿಂದ ಅಷ್ಟೇನೂ ತೊಂದರೆ ಆಗುವುದಿಲ್ಲ. ಆದರೆ ಸ್ಕ್ರೀನ್ ರೆಕಾರ್ಡಿಂಗ್, ಪಾಠದ ವಿಡಿಯೋ, ಹೀಗೆ ಪರದೆ ಅಲುಗದೆ ನಿಂತಿರುವ ಕಡೆ ಹೆಚ್ಚಿನ ಬಿಟ್ ಎಲ್ಲಾ ಕೀಫ್ರೇಮ್‌ಗೇ ಹೋಗುತ್ತದೆ. ಅಲ್ಲಿ ಚಿಕ್ಕ ತುಣುಕು ಹಿಡಿದರೆ ಅಂದಾಜು ಎರಡು ಪಟ್ಟು, ಮೂರು ಪಟ್ಟು ಆಗಿಬಿಡಬಹುದು. ಅಂತಹ ವಿಡಿಯೋಗೆ 30 ಸೆಕೆಂಡಿಗಿಂತ ಕಡಿಮೆ ಬೇಡ. ಉಳಿದದ್ದಕ್ಕೆ 15ರಿಂದ 20 ಸೆಕೆಂಡು ಸಾಕು.

ಇನ್ನೊಂದು. ಎನ್‌ಕೋಡರ್ ಎಷ್ಟು ವೇಗವಾಗಿ ಕೆಲಸ ಮಾಡಬೇಕು ಅನ್ನುವ ಆಯ್ಕೆಗೆ ಪ್ರಿಸೆಟ್ ಅನ್ನುತ್ತಾರೆ. ಸ್ಯಾಂಪಲ್ ಬೇಗ ಮುಗಿಯಲಿ ಅಂತ ಅದಕ್ಕೆ ವೆರಿಫಾಸ್ಟ್ ಪ್ರಿಸೆಟ್, ನಿಜವಾದ ಎನ್‌ಕೋಡ್‌ಗೆ ಸ್ಲೋ ಪ್ರಿಸೆಟ್ ಇಡುವ ಆಸೆ ಬರುತ್ತದೆ. ಮಾಡಬೇಡಿ. ಪ್ರಿಸೆಟ್ ಬದಲಾದರೆ ಅದೇ ಸಿಆರ್‌ಎಫ್ ಸಂಖ್ಯೆಗೆ ಸೈಜೂ ಬದಲಾಗುತ್ತದೆ, ಕ್ವಾಲಿಟಿಯೂ ಬದಲಾಗುತ್ತದೆ. ನಿಧಾನದ ಪ್ರಿಸೆಟ್ ಯಾವಾಗಲೂ ಚಿಕ್ಕ ಫೈಲ್ ಕೊಡುತ್ತದೆ ಅನ್ನುವುದೂ ನಿಜವಲ್ಲ. ಎಕ್ಸ್264ನಲ್ಲಿ ವೆರಿಫಾಸ್ಟ್‌ನ ಫೈಲ್ ಅದಕ್ಕಿಂತ ನಿಧಾನದ ಪ್ರಿಸೆಟ್‌ಗಿಂತ ಚಿಕ್ಕದಾಗಿ ಬರುವುದು ಉಂಟು, ಕ್ವಾಲಿಟಿಯೂ ಅಷ್ಟೇ ಇಳಿದಿರುತ್ತದೆ ಅನ್ನಿ. ಪ್ರಿಸೆಟ್, ಟ್ಯೂನ್ (ವಿಡಿಯೋದ ಬಗೆಗೆ ತಕ್ಕ ಹೊಂದಾಣಿಕೆ), ರೆಸಲ್ಯೂಷನ್, ಫಿಲ್ಟರ್, ಬಣ್ಣ 8 ಬಿಟ್ಟೋ 10 ಬಿಟ್ಟೋ, ಎಲ್ಲಾ ಕೊನೆಯಲ್ಲಿ ಬಳಸುವುದೇ ಇರಬೇಕು. ಗ್ರೇನ್ ಉಳಿಸಿಕೊಳ್ಳಲು ಟ್ಯೂನ್ ಗ್ರೇನ್ ಹಾಕುವವರು ಇದನ್ನು ವಿಶೇಷವಾಗಿ ನೆನಪಿಡಿ, ಅದು ಸೈಜನ್ನು ಎಲ್ಲೋ ಮೇಲಕ್ಕೆ ಒಯ್ಯುತ್ತದೆ. ಗ್ರೇನ್ ಕಡಿಮೆ ಮಾಡುವ ಡೀನಾಯ್ಸ್ ಫಿಲ್ಟರ್ ಇದರ ವಿರುದ್ಧ ದಿಕ್ಕು. ಮೇಲೆ ಕೆಳಗಿನ ಕಪ್ಪು ಪಟ್ಟಿ ಕತ್ತರಿಸಿದರೆ ಸೈಜ್ ಇಳಿಯುತ್ತದೆ ಅಂದುಕೊಳ್ಳುವವರಿದ್ದಾರೆ. ಕಪ್ಪಿಗೆ ಖರ್ಚಾಗುವ ಬಿಟ್ ಎಷ್ಟು ಕಡಿಮೆ ಅಂದರೆ, ಫರಕು ಕಾಣುವುದೇ ಕಷ್ಟ.

ಅಂದಾಜನ್ನು ಎಷ್ಟು ನಂಬಬಹುದು

12 ತುಣುಕುಗಳ ಮೊತ್ತ ಮಾತ್ರ ನೋಡಬೇಡಿ, ಒಂದೊಂದರ ಸೈಜನ್ನೂ ನೋಡಿ. ಎಲ್ಲಾ 6ರಿಂದ 8 ಎಂಬಿ ಒಳಗೆ ಇದ್ದರೆ ನೆಮ್ಮದಿಯಾಗಿರಿ. ಒಂದು 2 ಎಂಬಿ, ಇನ್ನೊಂದು 15 ಎಂಬಿ ಅಂತ ಕುಣಿಯುತ್ತಿದ್ದರೆ ಹುಷಾರಾಗಬೇಕು. ಶಾಲೆಯಲ್ಲಿ ಕಲಿತ ಸ್ಟ್ಯಾಂಡರ್ಡ್ ಡೀವಿಯೇಷನ್ ಇಲ್ಲಿ ಉಪಯೋಗಕ್ಕೆ ಬರುತ್ತದೆ, ಯಾವ ಸ್ಪ್ರೆಡ್‌ಶೀಟ್ ಆದರೂ ಒಂದು ಫಾರ್ಮುಲಾದಲ್ಲಿ ಹೇಳುತ್ತದೆ. ಅದನ್ನು ತುಣುಕುಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿ. ನಮ್ಮ ಉದಾಹರಣೆಯಲ್ಲಿ ಸರಾಸರಿ 7 ಎಂಬಿ. ಡೀವಿಯೇಷನ್ 3.5 ಬಂತು ಅನ್ನಿ. 12ರ ವರ್ಗಮೂಲ ಸುಮಾರು 3.46, ಭಾಗಿಸಿದರೆ 1 ಎಂಬಿ. ಅಂದರೆ 7ಕ್ಕೆ 1, ಶೇಕಡ 14ರಷ್ಟು ಆಚೀಚೆ. ಇದರ ಎರಡು ಪಟ್ಟು, ಶೇಕಡ 28ರವರೆಗೂ ತಪ್ಪು ಹೋಗಬಹುದು ಅಂತ ಇಟ್ಟುಕೊಂಡರೆ ಮೋಸ ಹೋಗುವುದು ಅಪರೂಪ. ತುಣುಕುಗಳನ್ನು ಸಮ ದೂರದಲ್ಲಿ ಹರಡಿರುವುದರಿಂದ ನಿಜವಾದ ತಪ್ಪು ಸಾಮಾನ್ಯವಾಗಿ ಈ ಲೆಕ್ಕಕ್ಕಿಂತ ಕಡಿಮೆಯೇ ಇರುತ್ತದೆ.

ತಪ್ಪನ್ನು ಅರ್ಧ ಮಾಡಬೇಕಾದರೆ ತುಣುಕು ನಾಲ್ಕು ಪಟ್ಟು ಬೇಕು, ಅದೇ ವರ್ಗಮೂಲದ ಕಾಟ. ಆದ್ದರಿಂದ ಒಂದೇ ಸಮಯ ಖರ್ಚು ಮಾಡುವುದಾದರೆ ಉದ್ದದ ಕೆಲವು ತುಣುಕುಗಳಿಗಿಂತ ಗಿಡ್ಡದ ಹಲವು ತುಣುಕುಗಳು ಮೇಲು, ಕೀಫ್ರೇಮ್ ವಿಷಯ ಮರೆಯದಿದ್ದರೆ. 20 ಸೆಕೆಂಡಿನ 12ರ ಬದಲು 15 ಸೆಕೆಂಡಿನ 16.

ಈಗ ನನಗೆ ಬಹಳ ಇಷ್ಟವಾದ ಉಪಾಯ. ಮೂಲ ಫೈಲ್ ತಾನೇ ಒಂದು ಸುಳಿವು ಹೊತ್ತುಕೊಂಡಿರುತ್ತದೆ. ಮೂಲವೂ ಬದಲಾಗುವ ಬಿಟ್‌ರೇಟ್‌ನಲ್ಲಿ ಎನ್‌ಕೋಡ್ ಆಗಿದ್ದರೆ, ಕಷ್ಟದ ದೃಶ್ಯಕ್ಕೆ ಜಾಸ್ತಿ ಬಿಟ್, ಸುಲಭದ್ದಕ್ಕೆ ಕಡಿಮೆ ಬಿಟ್ ಅಂತ ಯಾವುದೋ ಎನ್‌ಕೋಡರ್ ನಿಮಗಿಂತ ಮುಂಚೆಯೇ ಪೂರ್ತಿ ವಿಡಿಯೋವನ್ನು ಅಳೆದು ಇಟ್ಟಿದೆ ಅಂತ ಅರ್ಥ. ಅದನ್ನು ಬಿಡುವುದ್ಯಾಕೆ? ಮೂಲದ ವಿಡಿಯೋ 24,000 ಎಂಬಿ ಇದೆ ಅನ್ನಿ. ಅದರ ಮೂವತ್ತರಲ್ಲಿ ಒಂದು ಪಾಲು 800 ಎಂಬಿ. ಆದರೆ ನೀವು ಆರಿಸಿದ 12 ತುಣುಕುಗಳ ಜಾಗದಲ್ಲಿ ಮೂಲ ಫೈಲ್ ಖರ್ಚು ಮಾಡಿರುವುದು 880 ಎಂಬಿ ಅಂತ ಗೊತ್ತಾಯಿತು. ಅಂದರೆ ನಿಮ್ಮ ತುಣುಕುಗಳು ಸರಾಸರಿಗಿಂತ ಶೇಕಡ 10ರಷ್ಟು ಭಾರದ ಜಾಗಗಳಲ್ಲಿ ಬಿದ್ದಿವೆ. ಹಾಗಿದ್ದರೆ 30ರಿಂದ ಗುಣಿಸುವ ಬದಲು ಅನುಪಾತ ಹಿಡಿಯಿರಿ. 880 ಎಂಬಿ 84 ಎಂಬಿ ಆಯಿತು, 24,000 ಎಂಬಿ ಎಷ್ಟಾಗುತ್ತದೆ? 2291 ಎಂಬಿ. ಮೊದಲಿನ 2520ಕ್ಕಿಂತ ಇದು ನಂಬಲು ಯೋಗ್ಯ.

ಆ 880 ಸಿಗುವುದು ಎಲ್ಲಿ? ಎಫ್‌ಎಫ್‌ಎಂಪೆಗ್ ಜೊತೆಗೇ ಬರುವ ಎಫ್‌ಎಫ್‌ಪ್ರೋಬ್ ಪ್ರತಿ ಪ್ಯಾಕೆಟ್‌ನ (ಸಾಮಾನ್ಯವಾಗಿ ಒಂದು ಫ್ರೇಮ್‌ನ) ಸಮಯ ಮತ್ತು ಸೈಜ್ ಪಟ್ಟಿ ಮಾಡಿ ಕೊಡುತ್ತದೆ. ಆ ಪಟ್ಟಿಯನ್ನು ಸ್ಪ್ರೆಡ್‌ಶೀಟ್‌ಗೆ ಹಾಕಿ ಬೇಕಾದ ಸೆಕೆಂಡುಗಳನ್ನು ಕೂಡಿ. ಸೋಮಾರಿ ದಾರಿಯೂ ಇದೆ. ಅದೇ ತುಣುಕುಗಳನ್ನು ಎನ್‌ಕೋಡ್ ಮಾಡದೆ ಸುಮ್ಮನೆ ಕಾಪಿ ಮಾಡಿ ಸೈಜ್ ನೋಡುವುದು. ಆದರೆ ಕಾಪಿ ಮಾಡುವಾಗ ಮೂಲದ ಕೀಫ್ರೇಮ್‌ನಲ್ಲೇ ಕತ್ತರಿ ಬೀಳುವುದರಿಂದ ಉದ್ದ ಸ್ವಲ್ಪ ಹೆಚ್ಚು ಕಡಿಮೆ ಆಗುತ್ತದೆ. ಬ್ಲೂ-ರೇಯಿಂದ ಬಂದ ಮೂಲಕ್ಕೆ ಈ ಉಪಾಯ ಚೆನ್ನಾಗಿ ಒಗ್ಗುತ್ತದೆ, ಅವು ಸಾಮಾನ್ಯವಾಗಿ ಬದಲಾಗುವ ಬಿಟ್‌ರೇಟ್‌ನವು. ಮೂಲ ಪೂರ್ತಿ ಒಂದೇ ಬಿಟ್‌ರೇಟ್‌ನಲ್ಲಿ ಓಡುತ್ತಿದ್ದರೆ ಇದರಿಂದ ನಯಾಪೈಸೆ ಉಪಯೋಗ ಇಲ್ಲ, ಎಲ್ಲಾ ಜಾಗವೂ ಒಂದೇ ಭಾರ ತೋರಿಸುತ್ತದೆ.

ಸಿಆರ್‌ಎಫ್ ಬದಲಿಸಿದರೆ

ಸಿಆರ್‌ಎಫ್ 6 ಏರಿದರೆ ಸೈಜ್ ಅರ್ಧ, 6 ಇಳಿದರೆ ಎರಡು ಪಟ್ಟು. ಇದು ಎಲ್ಲರೂ ಹೇಳುವ ಸೂತ್ರ. ಇದರ ಬೇರು ಎಕ್ಸ್264 ತಯಾರಿಸುವ ಎಚ್.264 ಫಾರ್ಮ್ಯಾಟ್‌ನಲ್ಲೇ ಇದೆ, ಅಲ್ಲಿ ವಿವರವನ್ನು ಎಷ್ಟು ಒರಟು ಮಾಡಬೇಕು ಅಂತ ಹೇಳುವ ಕ್ವಾಂಟೈಸರ್ ಸಂಖ್ಯೆ 6 ಏರಿದಾಗಲೆಲ್ಲ ಅದರ ಹೆಜ್ಜೆ ಎರಡರಷ್ಟಾಗುತ್ತದೆ. ಹೆಜ್ಜೆ ಎರಡರಷ್ಟಾದರೆ ಸೈಜ್ ಸರಿಯಾಗಿ ಅರ್ಧ ಆಗಬೇಕು ಅಂತ ಎಲ್ಲೂ ನಿಯಮ ಇಲ್ಲ, ಸುಮಾರಾಗಿ ಹಾಗೆ ಬರುತ್ತದೆ ಅಷ್ಟೆ. ಗ್ರೇನ್ ಇರುವ ವಿಡಿಯೋದಲ್ಲಿ ಅರ್ಧಕ್ಕಿಂತ ಕೆಳಗೆ ಕುಸಿಯಬಹುದು, ಯಾಕೆಂದರೆ ಒಂದು ಮಟ್ಟ ದಾಟಿದ ಮೇಲೆ ಎನ್‌ಕೋಡರ್ ಗ್ರೇನನ್ನೇ ಕೈಬಿಡುತ್ತದೆ.

ಹಾಗಾಗಿ ಸೂತ್ರ ನಂಬುವ ಬದಲು ಸ್ಯಾಂಪಲ್ ತುಣುಕುಗಳನ್ನು ಎರಡು ಸಿಆರ್‌ಎಫ್‌ನಲ್ಲಿ ಮಾಡಿ, ನಡುವಿನದ್ದನ್ನು ಲೆಕ್ಕ ಹಾಕಿ. 20ರಲ್ಲಿ ಸೆಕೆಂಡಿಗೆ 3600 ಕಿಲೋಬಿಟ್, 26ರಲ್ಲಿ 1700 ಬಂತು ಅಂತ ಇಟ್ಟುಕೊಳ್ಳಿ. 23ಕ್ಕೆ ಎಷ್ಟು? ಎರಡನ್ನೂ ಕೂಡಿ ಅರ್ಧ ಮಾಡಿದರೆ 2650, ಇದು ತಪ್ಪು. ಇಲ್ಲಿ ಪ್ರತಿ ಹೆಜ್ಜೆಯೂ ಕಳೆಯುವುದಿಲ್ಲ, ಗುಣಿಸುತ್ತದೆ. ಎರಡನ್ನೂ ಗುಣಿಸಿ ವರ್ಗಮೂಲ ತೆಗೆಯಿರಿ, 2474 ಬರುತ್ತದೆ. ಬೇರೆ ಸಂಖ್ಯೆಗಳಿಗಾದರೆ 1700ನ್ನು 3600ರಿಂದ ಭಾಗಿಸಿ ಅದರ ಆರನೇ ಮೂಲ ತೆಗೆಯಿರಿ, ಸುಮಾರು 0.882. ಅಂದರೆ ಸಿಆರ್‌ಎಫ್ ಒಂದು ಏರಿದಾಗ ಶೇಕಡ 12ರಷ್ಟು ಇಳಿತ. 22ಕ್ಕೆ 3600ನ್ನು ಎರಡು ಸಲ 0.882ರಿಂದ ಗುಣಿಸಿದರೆ 2800 ಆಸುಪಾಸು, ಮೇಲೆ ನಾವು ನೋಡಿದ 2520 ಎಂಬಿ ಅದೇ.

ಒಂದು ಎನ್‌ಕೋಡರ್‌ನ ಸಂಖ್ಯೆಯನ್ನು ಇನ್ನೊಂದಕ್ಕೆ ಎತ್ತಿಕೊಂಡು ಹೋಗಬೇಡಿ. ಎಕ್ಸ್264ರಲ್ಲಿ ಏನೂ ಹೇಳದಿದ್ದರೆ 23, ಎಕ್ಸ್265ರಲ್ಲಿ 28. ಎರಡಕ್ಕೂ ಅಳತೆಗೋಲು 0ಯಿಂದ 51. ವಿಪಿ9 ಎನ್‌ಕೋಡರ್, ಎವಿ1ನ ಎಸ್‌ವಿಟಿ-ಎವಿ1 ಎನ್‌ಕೋಡರ್‌ಗಳಲ್ಲಿ ಸಾಮಾನ್ಯವಾಗಿ 63ರವರೆಗೆ. ಗ್ರಾಫಿಕ್ಸ್ ಕಾರ್ಡ್‌ನ ಎನ್‌ಕೋಡರ್‌ಗಳ ಕ್ವಾಲಿಟಿ ಸಂಖ್ಯೆಯಂತೂ ಬೇರೆಯೇ ಲೋಕ. ರೆಸಲ್ಯೂಷನ್ ಬದಲಿಸಿದರೂ ಸ್ಯಾಂಪಲ್ ಮತ್ತೆ ಮಾಡಿ. ಪಿಕ್ಸೆಲ್ ನಾಲ್ಕು ಪಟ್ಟಾದರೆ ಸೈಜ್ ನಾಲ್ಕು ಪಟ್ಟಾಗುವುದಿಲ್ಲ, ಸಾಮಾನ್ಯವಾಗಿ ಎರಡೂವರೆಯಿಂದ ಮೂರು ಪಟ್ಟು ಅಂತ ಒರಟಾಗಿ ಹೇಳಬಹುದು. ಸೆಕೆಂಡಿಗೆ 30ರ ಬದಲು 60 ಫ್ರೇಮ್ ಆದರೂ ಅಷ್ಟೇ, ಪಕ್ಕಪಕ್ಕದ ಫ್ರೇಮ್‌ಗಳು ಹೆಚ್ಚು ಹೋಲುವುದರಿಂದ ಎರಡು ಪಟ್ಟಿಗಿಂತ ಕಡಿಮೆ.

ಉಲ್ಟಾ ಲೆಕ್ಕ

ಫ್ಯಾಟ್32 ಅನ್ನುವ ಹಳೆಯ ಫಾರ್ಮ್ಯಾಟ್‌ನ ಪೆನ್‌ಡ್ರೈವ್‌ಗೆ ಹಾಕಬೇಕು ಅಂತಿಟ್ಟುಕೊಳ್ಳಿ. ಅದರಲ್ಲಿ ಒಂದು ಫೈಲ್ 4,294,967,295 ಬೈಟ್ ದಾಟುವ ಹಾಗಿಲ್ಲ. ಸುಮಾರು 4295 ಎಂಬಿ. ಆಡಿಯೋಗೆ 576 ಕಳೆಯಿರಿ, 3719 ಉಳಿಯಿತು. 8ರಿಂದ ಗುಣಿಸಿ 7200ರಿಂದ ಭಾಗಿಸಿದರೆ ಸೆಕೆಂಡಿಗೆ 4130 ಕಿಲೋಬಿಟ್. ಅಂದಾಜು ತಪ್ಪಿದರೆ ಇರಲಿ ಅಂತ ಶೇಕಡ 10 ಬಿಟ್ಟು 3700 ಹಿಡಿಯೋಣ. ನಮ್ಮ ಸ್ಯಾಂಪಲ್ ಪ್ರಕಾರ ಸಿಆರ್‌ಎಫ್ 20ಕ್ಕೆ 3600, ಅದನ್ನು ಮೂಲ ಫೈಲಿನ ಅನುಪಾತದಿಂದ ತಿದ್ದಿದರೆ 3270. 19ಕ್ಕೆ ತಿದ್ದಿದ ಮೇಲೆ 3700, ಗೆರೆಯ ಮೇಲೇ ಕೂತಿದೆ. ನಾನಾದರೆ 20 ಇಡುತ್ತೇನೆ. ಎಕ್ಸ್264, ಎಕ್ಸ್265 ಎರಡೂ 19.5 ಅಂತ ದಶಾಂಶವನ್ನೂ ಒಪ್ಪುತ್ತವೆ, ಅಷ್ಟೊಂದು ಜಿಪುಣತನ ಬೇಕಿದ್ದರೆ.

ಇಲ್ಲಿ ಎಂಬಿ ಅಂದರೆ ಯಾವ ಎಂಬಿ ಅನ್ನುವ ರಗಳೆಯೂ ಇದೆ. ನಾನು ಬಳಸುತ್ತಿರುವುದು 10 ಲಕ್ಷ ಬೈಟ್‌ನದ್ದು. ವಿಂಡೋಸ್ ಜಿಬಿ ಅಂತ ಬರೆದು 1024ರ ಲೆಕ್ಕದಲ್ಲಿ ತೋರಿಸುತ್ತದೆ, ಅದರ ಪ್ರಕಾರ ನಮ್ಮ 4295 ಎಂಬಿ ಸರಿಯಾಗಿ 4 ಜಿಬಿ. ಶೇಕಡ 7ರ ಫರಕು. ಎಫ್‌ಎಫ್‌ಎಂಪೆಗ್ ಕೂಡ ಓಡುವಾಗ ತೋರಿಸುವ ಸೈಜ್ 1024ರ ಲೆಕ್ಕ, ಹಳೆಯ ಆವೃತ್ತಿಗಳಲ್ಲಿ ಪಕ್ಕದಲ್ಲಿ ಕೆಬಿ ಅಂತಲೇ ಬರೆದಿದ್ದರೂ ಸಹ. ಅದೇ ಸಾಲಿನ ಬಿಟ್‌ರೇಟ್ ಮಾತ್ರ 1000ದ ಲೆಕ್ಕ. ಗೊಂದಲ ಬೇಡ ಅಂದರೆ ಬೈಟ್‌ಗಳಲ್ಲೇ ಕೂಡಿ.

ಒಂದೇ ಸರಣಿಯ ಹತ್ತಾರು ಕಂತು ಮಾಡುವವರಿಗೆ ಇಷ್ಟೆಲ್ಲ ಬೇಕಾಗಿಲ್ಲ. ಮೂರು ನಾಲ್ಕು ಕಂತು ಪೂರ್ತಿ ಮಾಡಿ, ನಿಮಿಷಕ್ಕೆ ಎಷ್ಟು ಎಂಬಿ ಬಂತು ಅಂತ ನೋಡಿ, ಉಳಿದವುಗಳ ನಿಮಿಷದಿಂದ ಗುಣಿಸಿ. ಒಂದೊಂದು ಕಂತು ಎಡವಟ್ಟು ಮಾಡಿದರೂ ಒಟ್ಟು ಮೊತ್ತ ಸರಿಹೋಗುತ್ತದೆ.

ಇನ್ನು ಸೈಜ್ ಸರಿಯಾಗಿ ಇಷ್ಟೇ ಇರಬೇಕು, ಒಂದಿಷ್ಟೂ ಮೀರಬಾರದು ಅಂತಿದ್ದರೆ ಸಿಆರ್‌ಎಫ್ ಬಿಡಿ, ಟೂ-ಪಾಸ್ ಮಾಡಿ. ಮೊದಲ ಸುತ್ತಿನಲ್ಲಿ ಅದು ಪೂರ್ತಿ ವಿಡಿಯೋ ನೋಡಿ, ಎರಡನೇ ಸುತ್ತಿನಲ್ಲಿ ಇರುವ ಬಿಟ್ ಹಂಚುತ್ತದೆ. ಬಿಟ್‌ರೇಟ್ ಒಂದೇ ಆಗಿದ್ದರೆ ಸಿಆರ್‌ಎಫ್, ಟೂ-ಪಾಸ್ ಎರಡರ ಕ್ವಾಲಿಟಿಯೂ ಹೆಚ್ಚುಕಡಿಮೆ ಒಂದೇ, ಕಳೆದುಕೊಳ್ಳುವುದು ಸಮಯ ಮಾತ್ರ. ಸೈಜ್ ಮಿತಿ ಮೀರದಿದ್ದರೆ ಸಾಕು, ಕಡಿಮೆಯಾದರೆ ಸಂತೋಷವೇ ಅನ್ನುವವರು ಸಿಆರ್‌ಎಫ್ ಜೊತೆಗೆ ಮ್ಯಾಕ್ಸ್‌ರೇಟ್ (ಬಿಟ್‌ರೇಟ್‌ನ ಮೇಲಿನ ಮಿತಿ), ಬಫ್‌ಸೈಜ್ (ಆ ಮಿತಿಯನ್ನು ಎಷ್ಟು ಬಿಟ್‌ಗಳ ಮೇಲೆ ಅಳೆಯಬೇಕು ಅನ್ನುವುದು) ಎರಡನ್ನೂ ಕೊಡಬಹುದು. ಮ್ಯಾಕ್ಸ್‌ರೇಟ್ 4100 ಕಿಲೋಬಿಟ್ ಇಟ್ಟರೆ ಎರಡು ಗಂಟೆಯ ವಿಡಿಯೋ 3690 ಎಂಬಿ ದಾಟುವುದು ಕಷ್ಟ, ಆದರೆ ಅದರ ಪೆಟ್ಟು ಬೀಳುವುದು ಮಳೆ, ಬೆಂಕಿ, ಹೊಡೆದಾಟದ ಮೇಲೇ. ಅಂತಹ ದೃಶ್ಯಗಳು ಮಸುಕಾದರೆ ಸಹಿಸಲಾಗದವರು ಟೂ-ಪಾಸ್ ಕಡೆಗೇ ಹೋಗಿ, ಅಥವಾ ಪೆನ್‌ಡ್ರೈವನ್ನು ಆ 4 ಜಿಬಿ ಮಿತಿ ಇಲ್ಲದ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ.